ಹಿಂದೂಪುರವೂ ಕಲ್ಯಾಣದುರ್ಗವೂ ಒಂದೇ ಗೂಡಿಗೆ ಬಿದ್ದರೆ: ಸಿ ಭಾಷೆಯಲ್ಲಿ ಹ್ಯಾಶ್ ಟೇಬಲ್ ಕಟ್ಟುವ ಬಗೆ

ಹಿಂದೂಪುರದ ಪಿನ್‌ಕೋಡ್ 515201. ಕಲ್ಯಾಣದುರ್ಗದ್ದು 515761. ಎರಡನ್ನೂ 7ರಿಂದ ಭಾಗಿಸಿ ನೋಡಿ, ಎರಡರಲ್ಲೂ ಶೇಷ 1. ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಆಂಧ್ರದ ಈ ಗಡಿ ಊರುಗಳ ಜನರಿಗೆ ಈ ಶೇಷದಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರಿಗೆ ಅರ್ಧ ಸೆಮಿಸ್ಟರ್‌ನ ಪಾಠ ಇದರೊಳಗೇ ಇದೆ.

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳ ಕಪಾಟು ನೋಡಿದವರಿಗೆ ಹ್ಯಾಶ್ ಟೇಬಲ್ ಅರ್ಥವಾಗುವುದು ಕಷ್ಟವಲ್ಲ. ಕಾಗದ ಕೈಗೆ ಬಂದ ಕೂಡಲೇ ಪಿನ್ ನೋಡಿ ಯಾವ ಗೂಡು ಎಂದು ತೀರ್ಮಾನವಾಗುತ್ತದೆ. ಎಲ್ಲ ಗೂಡುಗಳನ್ನೂ ತಡಕಾಡುವ ಕೆಲಸವಿಲ್ಲ. ಹ್ಯಾಶ್ ಟೇಬಲ್ ಮಾಡುವುದೂ ಇಷ್ಟೇ. ಹುಡುಕುವ ವಿಷಯಕ್ಕೆ ‘ಕೀ’ ಎನ್ನುತ್ತಾರೆ. ಕೀಯನ್ನು ಒಂದು ಲೆಕ್ಕಕ್ಕೆ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಆ ಲೆಕ್ಕವೇ ಹ್ಯಾಶ್ ಫಂಕ್ಷನ್. ಬಂದ ಸಂಖ್ಯೆಯನ್ನು ಗೂಡುಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷವೇ ಗೂಡಿನ ನಂಬರ್. ಸಾವಿರ ಹೆಸರಿದ್ದರೂ ಲಕ್ಷ ಹೆಸರಿದ್ದರೂ, ಲೆಕ್ಕ ಸರಿಯಿದ್ದರೆ ಹುಡುಕಲು ಬೇಕಾಗುವ ಸಮಯ ಸರಾಸರಿಯಲ್ಲಿ ಹೆಚ್ಚು ಕಡಿಮೆ ಒಂದೇ.

ಏಳು ಗೂಡಿನ ಕಪಾಟು ಇದೆ ಎಂದಿಟ್ಟುಕೊಳ್ಳೋಣ, ನಂಬರ್ 0ಯಿಂದ 6ರ ತನಕ. ಮಂಗಳೂರಿನ 575001 ಗೂಡು 0ಗೆ ಹೋಗುತ್ತದೆ. ಅನಂತಪುರದ 515001 ಗೂಡು 4ಕ್ಕೆ, ಮಡಕಶಿರದ 515301 ಗೂಡು 3ಕ್ಕೆ. ಹಿಂದೂಪುರ ಗೂಡು 1ಕ್ಕೆ, ಕಲ್ಯಾಣದುರ್ಗವೂ 1ಕ್ಕೇ. ಇದಕ್ಕೆ ಕೊಲಿಷನ್, ಅಂದರೆ ಡಿಕ್ಕಿ ಎನ್ನುತ್ತಾರೆ. ಏಳು ಬೇಡ, ಹತ್ತು ಗೂಡು ಮಾಡೋಣ ಎಂದರೆ ಇನ್ನೂ ಕೆಟ್ಟಿತು. ಮಂಗಳೂರು, ಅನಂತಪುರ, ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ ಐದರ ಪಿನ್ನೂ ಮುಗಿಯುವುದು 1ರಲ್ಲೇ, ಹಾಗಾಗಿ ಐದೂ ಒಂದೇ ಗೂಡಿಗೆ ಬಂದು ಬೀಳುತ್ತವೆ. ಡೇಟಾದಲ್ಲಿ ಮೊದಲೇ ಇರುವ ಇಂಥ ಒಲವನ್ನು ಗಮನಿಸದೆ ಗೂಡಿನ ಸಂಖ್ಯೆ ಆರಿಸಿದರೆ ಹೀಗೇ ಆಗುವುದು.

ಡಿಕ್ಕಿಯಾದಾಗ ಏನು ಮಾಡಬೇಕು ಎಂಬ ಪ್ರಶ್ನೆ ಹಳೆಯದು. ಐಬಿಎಂ ಕಂಪೆನಿಯ ಹಾನ್ಸ್ ಪೀಟರ್ ಲೂನ್ 1953ರ ಜನವರಿಯಲ್ಲಿ ಬರೆದ ಒಳಟಿಪ್ಪಣಿಯೊಂದರಲ್ಲಿ ಇದಕ್ಕೆ ದಾರಿ ಹೇಳಿದ್ದರು: ಒಂದೇ ಗೂಡಿಗೆ ಬಂದವರನ್ನೆಲ್ಲ ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸುವುದು. ಪಠ್ಯಪುಸ್ತಕದಲ್ಲಿ ಇದರ ಹೆಸರು ಚೈನಿಂಗ್. ಎರಡನೆಯ ದಾರಿ, ಗೂಡು ತುಂಬಿದ್ದರೆ ಪಕ್ಕದ ಖಾಲಿ ಗೂಡಿಗೆ ಹೋಗಿ ಕೂರುವುದು. ಇದು ಓಪನ್ ಅಡ್ರೆಸಿಂಗ್. ಮೆಮೊರಿ ಒತ್ತಟ್ಟಿಗೆ ಇರುವುದರಿಂದ ವೇಗ ಹೆಚ್ಚು. ಆದರೆ ಅಳಿಸುವಾಗ ಪೇಚಾಟ.

ಆ ಪೇಚಾಟ ಏನೆಂದು ನಮ್ಮ ಎರಡು ಊರುಗಳಿಂದಲೇ ನೋಡಬಹುದು. ಹಿಂದೂಪುರ ಗೂಡು 1ರಲ್ಲಿ ಕೂತಿದೆ. ಆಮೇಲೆ ಬಂದ ಕಲ್ಯಾಣದುರ್ಗ 1 ತುಂಬಿದೆ ಎಂದು 2ಕ್ಕೆ ಸರಿದಿದೆ. ಈಗ ಯಾರೋ ಹಿಂದೂಪುರವನ್ನು ಅಳಿಸಿ ಗೂಡು 1ನ್ನು ಖಾಲಿ ಮಾಡಿದರು. ಮುಂದೆ ಕಲ್ಯಾಣದುರ್ಗವನ್ನು ಹುಡುಕಿದರೆ ಪ್ರೋಗ್ರಾಂ ಗೂಡು 1ಕ್ಕೆ ಹೋಗುತ್ತದೆ, ಖಾಲಿ ಕಂಡು ‘ಇಲ್ಲ’ ಎಂದು ವಾಪಸ್ ಬರುತ್ತದೆ. ಕಲ್ಯಾಣದುರ್ಗ ಮಾತ್ರ ಪಕ್ಕದಲ್ಲೇ ಸುಮ್ಮನೆ ಕೂತಿದೆ! ಅದಕ್ಕಾಗಿ ಅಳಿಸಿದ ಜಾಗದಲ್ಲಿ ‘ಇಲ್ಲಿ ಒಬ್ಬರಿದ್ದರು, ಮುಂದೆ ನೋಡಿ’ ಎಂಬ ಗುರುತು ಬಿಡಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಟೂಂಬ್‌ಸ್ಟೋನ್ ಎನ್ನುತ್ತಾರೆ, ಅಂದರೆ ಗೋರಿಕಲ್ಲು. ಮೊದಲ ಸಲ ಲೈಬ್ರರಿ ಬರೆಯುವವರಿಗೆ ಚೈನಿಂಗ್ ಸಾಕು. ವೇಗದ ಆಸೆ ಆಮೇಲೆ.

ಗೂಡು ತುಂಬುತ್ತಾ ಬಂದ ಹಾಗೆ ಸರಪಳಿ ಉದ್ದವಾಗುತ್ತದೆ. ಏಳು ಗೂಡಿಗೆ ಐದು ಊರು ಅಂದರೆ ಭರ್ತಿ ಪ್ರಮಾಣ 0.71. ಆರನೆಯದಾಗಿ ಪೆನುಕೊಂಡದ 515110 ಬಂದರೆ 0.86. ಇದರ ಶೇಷವೂ 1 ಎಂಬುದು ತಮಾಷೆ. ಸಾಮಾನ್ಯವಾಗಿ 0.75 ದಾಟಿದ ಕೂಡಲೇ ಕಪಾಟು ದೊಡ್ಡದು ಮಾಡುವುದು ರೂಢಿ. 17 ಗೂಡು ಮಾಡಿದರೆ ಹಿಂದೂಪುರ 16ಕ್ಕೆ, ಕಲ್ಯಾಣದುರ್ಗ 15ಕ್ಕೆ ಹೋಗಿ ಬೇರೆಯಾಗುತ್ತವೆ. ಆದರೆ ಪೆನುಕೊಂಡ ಈಗ ಮಂಗಳೂರಿನ ಜೊತೆ ಗೂಡು 10ರಲ್ಲಿ! ಡಿಕ್ಕಿ ಜಾಗ ಬದಲಿಸುತ್ತದೆ, ಪೂರ್ತಿ ಹೋಗುವುದಿಲ್ಲ. ಹಳೆಯ ಗೂಡುಗಳನ್ನು ಹಾಗೆಯೇ ನಕಲು ಮಾಡಿದರೆ ನಡೆಯುವುದಿಲ್ಲ ಎಂಬುದೂ ಇಲ್ಲಿ ಗೊತ್ತಾಗುತ್ತದೆ. ಭಾಜಕ ಬದಲಾದ್ದರಿಂದ ಪ್ರತಿಯೊಂದರ ಶೇಷವನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಯಾವ ಡೇಟಾಗೂ ಆಗುವ ಲೈಬ್ರರಿ

ಪೈಥಾನ್ ಕಲಿತವರಿಗೆ ಡಿಕ್ಷನರಿ ತಯಾರಾಗಿಯೇ ಸಿಗುತ್ತದೆ, ಜಾವಾದಲ್ಲಿ ಹ್ಯಾಶ್‌ಮ್ಯಾಪ್ ಇದೆ. ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇಂಥದ್ದು ಇಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಎಚ್‌ಸರ್ಚ್ ಎಂಬುದೊಂದಿದೆ, ಆದರೆ ಅದು ಇಡೀ ಪ್ರೋಗ್ರಾಂಗೆ ಒಂದೇ ಟೇಬಲ್ ಕೊಡುತ್ತದೆ. ಜಿ-ಲಿಬ್, ಯುಟಿ-ಹ್ಯಾಶ್‌ನಂಥ ಹೊರಗಿನ ಲೈಬ್ರರಿಗಳು ಚೆನ್ನಾಗಿವೆ, ನಿಜವಾದ ಪ್ರಾಜೆಕ್ಟ್‌ಗೆ ಅವನ್ನೇ ಬಳಸುವುದು ಜಾಣತನ. ಆದರೂ ಒಮ್ಮೆ ಕೈಯಾರೆ ಬರೆದವರಿಗೆ ಮೆಮೊರಿಯ ಒಳಗುಟ್ಟು ಗೊತ್ತಾಗುತ್ತದೆ. ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದವರನ್ನು ಕೇಳುವುದೂ ಅದನ್ನೇ.

ಕಷ್ಟ ಇರುವುದು ‘ಜೆನೆರಿಕ್’ ಎಂಬ ಪದದಲ್ಲಿ. ಇವತ್ತು ಕೀ ಪಿನ್‌ಕೋಡ್ ಆಗಿರಬಹುದು, ನಾಳೆ ಹೆಸರು, ನಾಡಿದ್ದು ಒಂದು ಸ್ಟ್ರಕ್ಟ್. ಲೈಬ್ರರಿಗೆ ಅದರ ಬಗೆ ಗೊತ್ತಿರಬಾರದು. ಇದಕ್ಕೆ ಸಿ ಭಾಷೆ ಕೊಡುವ ಉಪಾಯ ವಾಯ್ಡ್ ಪಾಯಿಂಟರ್. ‘ಇಲ್ಲೊಂದು ವಿಳಾಸ ಇದೆ, ಅಲ್ಲಿ ಏನಿದೆ ಎಂದು ಕೇಳಬೇಡ’ ಎಂದ ಹಾಗೆ. ಏನಿದೆ ಎಂದು ಗೊತ್ತಿಲ್ಲದ ಮೇಲೆ ಲೈಬ್ರರಿ ಅದನ್ನು ಹ್ಯಾಶ್ ಮಾಡುವುದು ಹೇಗೆ? ಬಳಸುವವರೇ ಆ ಫಂಕ್ಷನ್ ಬರೆದು ಪಾಯಿಂಟರ್ ಮೂಲಕ ಕೊಡಬೇಕು. ಸ್ಟ್ಯಾಂಡರ್ಡ್ ಲೈಬ್ರರಿಯ ಕ್ಯೂಸಾರ್ಟ್ ಕೂಡ ಹೋಲಿಕೆಯ ಫಂಕ್ಷನ್ ಕೇಳುವುದು ಹೀಗೆಯೇ. ಹ್ಯಾಶ್ ಟೇಬಲ್‌ಗೆ ಬೇಕಾಗುವುದು ನಾಲ್ಕು: ಹ್ಯಾಶ್ ಮಾಡಲು ಒಂದು, ಎರಡು ಕೀ ಒಂದೇನಾ ಎಂದು ನೋಡಲು ಒಂದು, ಕೀಯ ಮೆಮೊರಿ ಬಿಡಲು ಒಂದು, ಮೌಲ್ಯದ್ದನ್ನು ಬಿಡಲು ಮತ್ತೊಂದು. ಮೊದಲೆರಡು ಜೊತೆಯಾಗಿ ನಡೆಯಬೇಕು. ಹೋಲಿಕೆಯಲ್ಲಿ ಒಂದೇ ಎನಿಸಿದ ಎರಡು ಕೀಗಳಿಗೆ ಹ್ಯಾಶ್ ಕೂಡ ಒಂದೇ ಬರಲೇಬೇಕು. ಇಂಗ್ಲಿಷ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರವನ್ನು ಹೋಲಿಕೆಯಲ್ಲಿ ಕಡೆಗಣಿಸಿ, ಹ್ಯಾಶ್‌ನಲ್ಲಿ ಕಡೆಗಣಿಸದಿದ್ದರೆ ಅರ್ಧ ಹೆಸರುಗಳು ಸಿಗುವುದೇ ಇಲ್ಲ.

ವಾಯ್ಡ್ ಪಾಯಿಂಟರ್‌ಗೆ ತೆರಬೇಕಾದ ಬೆಲೆಯೂ ಇದೆ. ಇಂಟಿಜರ್ ಇಟ್ಟು ಸ್ಟ್ರಿಂಗ್ ಎಂದು ತೆಗೆದರೂ ಕಂಪೈಲರ್ ತುಟಿ ಪಿಟಕ್ ಎನ್ನುವುದಿಲ್ಲ.

ಹೊಸಬರನ್ನು ಹೆಚ್ಚು ಕಾಡುವುದು ‘ಮೆಮೊರಿ ಯಾರದ್ದು’ ಎಂಬ ಪ್ರಶ್ನೆ. ಫೈಲ್‌ನಿಂದ ಒಂದೊಂದೇ ಸಾಲನ್ನು ಒಂದೇ ಬಫರ್‌ಗೆ ಓದುತ್ತಾ, ಆ ಬಫರ್‌ನ ವಿಳಾಸವನ್ನೇ ಕೀ ಎಂದು ಟೇಬಲ್‌ಗೆ ಕೊಟ್ಟರೆ ಏನಾಗುತ್ತದೆ? ನೂರು ಹೆಸರು ಹಾಕಿದ ಮೇಲೆ ತೆಗೆದು ನೋಡಿದರೆ ನೂರೂ ಕಡೆ ಕೊನೆಯ ಹೆಸರೇ ಇರುತ್ತದೆ. ಟೇಬಲ್‌ನಲ್ಲಿದ್ದದ್ದು ಹೆಸರಲ್ಲ, ಒಂದೇ ಬಫರ್‌ನ ವಿಳಾಸದ ನೂರು ಪ್ರತಿ. ಹಾಗಾಗಿ ಲೈಬ್ರರಿಯೇ ಕೀಯನ್ನು ನಕಲು ಮಾಡಿ ಇಟ್ಟುಕೊಳ್ಳುವುದೋ, ಬಳಸುವವರು ನಕಲು ಮಾಡಿ ಕೊಡುವುದೋ ಎಂಬುದನ್ನು ಮೊದಲೇ ತೀರ್ಮಾನಿಸಿ ಹೆಡರ್ ಫೈಲ್‌ನಲ್ಲಿ ಬರೆದಿಡಬೇಕು. ಎರಡು ಕಡೆಯವರೂ ಫ್ರೀ ಮಾಡಿದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಯಾರೂ ಮಾಡದಿದ್ದರೆ ಮೆಮೊರಿ ಸೋರುತ್ತದೆ.

ಸ್ಟ್ರಕ್ಟ್ ಅನ್ನು ಬೈಟ್ ಬೈಟ್ ಆಗಿ ಹ್ಯಾಶ್ ಮಾಡುವವರೂ ಇದ್ದಾರೆ. ಒಂದು ಚಾರ್, ಒಂದು ಇಂಟ್ ಇರುವ ಸ್ಟ್ರಕ್ಟ್‌ನಲ್ಲಿ ಸಾಮಾನ್ಯವಾಗಿ ನಡುವೆ ಮೂರು ಬೈಟ್ ಖಾಲಿ ಬಿಟ್ಟಿರುತ್ತದೆ, ಅಲ್ಲಿ ಯಾವ ಕಸವೂ ಇರಬಹುದು. ಆ ಕಸ ಸೇರಿ ಹ್ಯಾಶ್ ಬದಲಾಗುತ್ತದೆ, ಇದ್ದ ದಾಖಲೆ ಇಲ್ಲವಾಗುತ್ತದೆ. ಸದಸ್ಯಗಳನ್ನು ಒಂದೊಂದಾಗಿ ತೆಗೆದು ಹ್ಯಾಶ್ ಮಾಡುವುದೇ ಸರಿ. ಹುಡುಕುವ ಫಂಕ್ಷನ್ ಬರೀ ನಲ್ ಕೊಟ್ಟು ಸುಮ್ಮನಾಗಬಾರದು. ಕೀ ಇಲ್ಲವೋ, ಇದ್ದು ಮೌಲ್ಯವೇ ನಲ್ಲೋ ಗೊತ್ತಾಗುವುದಿಲ್ಲ. ಸಿಕ್ಕಿತೋ ಇಲ್ಲವೋ ಎಂಬುದನ್ನು ಬೇರೆಯಾಗಿ ಹೇಳಬೇಕು.

ಹೆಸರು ಪಟ್ಟಿಯಲ್ಲಿಲ್ಲ!

ಊರಿನ ಜಮಾಅತ್‌ನ ಸದಸ್ಯರ ಪುಸ್ತಕವನ್ನೋ, ಸ್ಕಾಲರ್‌ಶಿಪ್ ಅರ್ಜಿಗಳನ್ನೋ ಕಂಪ್ಯೂಟರಿಗೆ ಹಾಕುವ ಕೆಲಸ ಕೊನೆಗೆ ಇಂಜಿನಿಯರಿಂಗ್ ಓದುವ ಮಕ್ಕಳ ತಲೆಗೇ ಬರುತ್ತದೆ. ಅಲ್ಲಿ ಹೆಸರು ಕನ್ನಡದಲ್ಲಿರುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಕಲಿತ ಲೆಕ್ಕ ಕೈಕೊಡುವುದು ಇಲ್ಲಿ.

ಲ್ಯಾಬ್‌ನ ಸುಲಭದ ಹ್ಯಾಶ್ ಅಂದರೆ ಇಂಗ್ಲಿಷಿನ ಮೊದಲ ಅಕ್ಷರ ನೋಡಿ 26 ಗೂಡಿಗೆ ಹಂಚುವುದು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್, ‘ಕ’ ಅಂದರೆ 224, 178, 149. ಎಲ್ಲ ಕನ್ನಡ ಅಕ್ಷರಗಳ ಮೊದಲ ಬೈಟ್ 224ನೇ. 224ರಿಂದ ಸಣ್ಣಕ್ಷರದ ಮೊದಲ ಅಕ್ಷರದ 97 ಕಳೆದರೆ 127, ಅಂದರೆ 26 ಗೂಡಿನ ಕಪಾಟಿನಿಂದ ಬಹಳ ಆಚೆ. ಮಾಮೂಲು ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಚಾರ್‌ಗೆ ಋಣ ಚಿಹ್ನೆಯೂ ಇರುವುದರಿಂದ ಅದೇ 224 ಅಲ್ಲಿ ಮೈನಸ್ 32 ಆಗುತ್ತದೆ, ಕಳೆದರೆ ಮೈನಸ್ 129. ಕಪಾಟಿನ ಹಿಂದಿನ ಗೋಡೆಗೇ ಕೈ ಹಾಕಿದಂತೆ. ಅದೇ ಪ್ರೋಗ್ರಾಂ ರಾಸ್ಪ್‌ಬೆರಿ ಪೈಯ ಲಿನಕ್ಸ್‌ನಲ್ಲಿ ಬೇರೆ ಉತ್ತರ ಕೊಡುತ್ತದೆ. ಬೈಟ್‌ಗಳನ್ನು ಓದುವಾಗ ಅನ್‌ಸೈನ್ಡ್ ಚಾರ್ ಎಂದು ಓದುವುದೊಂದೇ ಇದಕ್ಕೆ ಮದ್ದು. ಇಡೀ ಹೆಸರಿನ ಎಲ್ಲ ಬೈಟ್‌ಗಳೂ ಲೆಕ್ಕಕ್ಕೆ ಸೇರಬೇಕು. ಕರ್ನಿಘನ್ ಮತ್ತು ರಿಚಿ ಅವರ ಪುಸ್ತಕದ 1978ರ ಆವೃತ್ತಿಯಲ್ಲಿ ಅಕ್ಷರಗಳನ್ನು ಬರೀ ಕೂಡಿಸಿದ್ದರು. 1988ರ ಎರಡನೇ ಆವೃತ್ತಿಯಲ್ಲಿ ಪ್ರತಿ ಹೆಜ್ಜೆಗೂ 31ರಿಂದ ಗುಣಿಸಿ ಕೂಡಿಸಿದರು, ಹಾಗಾಗಿ ಅಕ್ಷರಗಳ ಕ್ರಮಕ್ಕೂ ಬೆಲೆ ಬಂತು. ಈಗ ಎಫ್‌ಎನ್‌ವಿ-1ಎ ಎಂಬ ಚಿಕ್ಕ ಹ್ಯಾಶ್ ಕಲಿಯುವವರಿಗೆ ಅನುಕೂಲ: 2166136261ರಿಂದ ಶುರು ಮಾಡಿ, ಪ್ರತಿ ಬೈಟ್‌ನೊಂದಿಗೆ ಎಕ್ಸ್-ಆರ್ ಮಾಡಿ, 16777619ರಿಂದ ಗುಣಿಸುತ್ತಾ ಹೋದರೆ 32 ಬಿಟ್‌ನ ಉತ್ತರ ಬರುತ್ತದೆ.

ಹ್ಯಾಶ್ ಎಷ್ಟೇ ಒಳ್ಳೆಯದಿದ್ದರೂ ಕಣ್ಣಿಗೆ ಒಂದೇ ಕಂಡದ್ದು ಅದಕ್ಕೆ ಒಂದೇ ಅಲ್ಲ. ‘ಕೊ’ ಎಂದು ಬರೆಯಲು ಯುನಿಕೋಡ್‌ನಲ್ಲಿ ಎರಡು ದಾರಿ. ‘ೊ’ ಎಂಬ ಒಂದೇ ಚಿಹ್ನೆ ಹಾಕಬಹುದು, ಅಥವಾ ‘ೆ’ ಮತ್ತು ‘ೂ’ ಎರಡನ್ನೂ ಜೋಡಿಸಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟ್‌ಗಳು ಬೇರೆ, ಗೂಡೂ ಬೇರೆ. ಆದ್ದರಿಂದ ಹ್ಯಾಶ್‌ಗೆ ಮೊದಲು ಯುನಿಕೋಡ್ ನಾರ್ಮಲೈಸೇಷನ್ ಮಾಡಿ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು.

ಗಡಿಯಲ್ಲಿ ತೊಂದರೆ ಇನ್ನೊಂದು ಸುತ್ತು ಹೆಚ್ಚು. ತೆಲುಗಿನ ‘ಕ’ ಮತ್ತು ಕನ್ನಡದ ‘ಕ’ ನಡುವೆ ವ್ಯತ್ಯಾಸ ಮಧ್ಯದ ಬೈಟ್ ಮಾತ್ರ, ಅಲ್ಲಿ 176, ಇಲ್ಲಿ 178. ಊರಿನ ಹೆಸರು ತೆಲುಗಿನವರಿಗೆ ಹಿಂದೂಪುರಂ, ಕಳ್ಯಾಣದುರ್ಗಂ. ಕನ್ನಡದವರಿಗೆ ಹಿಂದೂಪುರ, ಕಲ್ಯಾಣದುರ್ಗ. ಅಬ್ದುಲ್ ಖಾದರ್ ಎಂಬುದನ್ನು ಒಬ್ಬರು ‘ಖ’ದಲ್ಲಿ, ಮತ್ತೊಬ್ಬರು ‘ಕ’ದಲ್ಲಿ, ಇನ್ನೊಬ್ಬರು ನಡುವೆ ಜಾಗ ಬಿಡದೆ ಬರೆಯುತ್ತಾರೆ. ಇವನ್ನು ಯಾವ ನಾರ್ಮಲೈಸೇಷನ್ನೂ ಒಂದು ಮಾಡುವುದಿಲ್ಲ. ಇದರ ತಿರುಗುಮುರುಗು, ಅದೇ ಹೆಸರಿನ ನಾಲ್ಕು ಮಂದಿ ಒಂದೇ ಊರಿನಲ್ಲಿದ್ದರೆ ನಾಲ್ಕನೆಯವರ ದಾಖಲೆ ಮೂವರದನ್ನು ಅಳಿಸಿಹಾಕುತ್ತದೆ. ಆಗ ಸಹಾಯಕ್ಕೆ ಅರ್ಜಿ ಹಾಕಿದ ವಿಧವೆಗೆ ಕೌಂಟರಿನಲ್ಲಿ ಸಿಗುವ ಉತ್ತರ ‘ಹೆಸರು ಪಟ್ಟಿಯಲ್ಲಿಲ್ಲ.’ ಹೆಸರನ್ನು ಕೀ ಮಾಡಬಾರದು. ಪ್ರತಿಯೊಬ್ಬರಿಗೂ ಒಂದು ಸದಸ್ಯ ಸಂಖ್ಯೆ ಕೊಟ್ಟು ಅದನ್ನು ಕೀ ಮಾಡಬೇಕು, ಹೆಸರು ಒಳಗಿನ ಮಾಹಿತಿಯಾಗಿರಲಿ.

ಬದಲಾಗುವ ವಿಷಯವೂ ಕೀ ಆಗಬಾರದು. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿದಾಗ ಹಿಂದೂಪುರ ಅನಂತಪುರ ಜಿಲ್ಲೆಯಿಂದ ಅಲ್ಲಿಗೆ ಹೋಯಿತು, ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಮತ್ತು ಊರು ಸೇರಿಸಿ ಕೀ ಮಾಡಿದ್ದ ಟೇಬಲ್ ಒಂದಿತ್ತು ಎಂದುಕೊಳ್ಳಿ. ದಾಖಲೆಯ ಒಳಗೇ ಜಿಲ್ಲೆಯ ಹೆಸರು ತಿದ್ದಿದರೆ ಅದು ಕೂತಿರುವುದು ಹಳೆಯ ಹ್ಯಾಶ್‌ನ ಗೂಡಿನಲ್ಲಿ, ಹುಡುಕುವುದು ಹೊಸ ಹ್ಯಾಶ್‌ನ ಗೂಡಿನಲ್ಲಿ. ತಿದ್ದಬೇಕಿದ್ದರೆ ಮೊದಲು ಅಳಿಸಿ, ಆಮೇಲೆ ಹೊಸ ಕೀಯೊಂದಿಗೆ ಸೇರಿಸಬೇಕು. 515201 ಮಾತ್ರ ಆಗಲೂ 515201 ಆಗಿಯೇ ಉಳಿಯಿತು.

ಇಂಟರ್‌ನೆಟ್‌ಗೆ ತೆರೆದಿಡುವ ಟೇಬಲ್ ಆದರೆ ಕಿಡಿಗೇಡಿಗಳ ಚಿಂತೆಯೂ ಇದೆ. ಹ್ಯಾಶ್‌ನ ಲೆಕ್ಕ ಗೊತ್ತಿದ್ದವರು ಬೇಕೆಂದೇ ಒಂದೇ ಗೂಡಿಗೆ ಬೀಳುವ ಸಾವಿರಾರು ಕೀ ಕಳುಹಿಸಿ ಸರ್ವರ್ ಅನ್ನು ಉಸಿರುಗಟ್ಟಿಸಬಹುದು. 2011ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ಇದನ್ನು ತೋರಿಸಿದಾಗ ಪಿಎಚ್‌ಪಿ, ಜಾವಾ, ಪೈಥಾನ್ ಎಲ್ಲವೂ ಸಿಕ್ಕಿಬಿದ್ದವು. ಮರುವರ್ಷ ಬಂದ ಸಿಪ್‌ಹ್ಯಾಶ್‌ನಲ್ಲಿ ಒಂದು ರಹಸ್ಯ ಸಂಖ್ಯೆ ಸೇರಿಸಲಾಗುತ್ತದೆ, ಯಾವ ಗೂಡು ಎಂದು ಹೊರಗಿನವರಿಗೆ ಊಹಿಸಲಾಗದು. ಲೈಬ್ರರಿಯಲ್ಲಿ ಹ್ಯಾಶ್ ಫಂಕ್ಷನ್ ಅನ್ನು ಹೊರಗಿನಿಂದ ಕೊಡುವ ಹಾಗೆ ಕಟ್ಟಿದ್ದರೆ ಇಲ್ಲಿ ಲಾಭ: ಎಫ್‌ಎನ್‌ವಿ ತೆಗೆದು ಸಿಪ್‌ಹ್ಯಾಶ್ ಹಾಕಲು ಉಳಿದ ಕೋಡ್ ಮುಟ್ಟಬೇಕಾಗಿಲ್ಲ.

ಬರೆದು ಮುಗಿಸಿದ ಮೇಲೆ ಪರೀಕ್ಷೆಗೆ ಒಂದು ತರಲೆ ಉಪಾಯ ಇದೆ. ಯಾವ ಕೀ ಬಂದರೂ 1 ಎಂದೇ ಉತ್ತರಿಸುವ ಹ್ಯಾಶ್ ಫಂಕ್ಷನ್ ಕೊಟ್ಟು ನೋಡುವುದು. ಎಲ್ಲವೂ ಒಂದೇ ಗೂಡಿಗೆ ಬೀಳುತ್ತವೆ, ವೇಗ ಸಾಯುತ್ತದೆ, ಆದರೆ ಸೇರಿಸುವುದು, ಹುಡುಕುವುದು, ಸರಪಳಿಯ ನಡುವಿನಿಂದ ಅಳಿಸುವುದು ಎಲ್ಲ ಸರಿಯಾಗಿಯೇ ನಡೆಯಬೇಕು. ಅದನ್ನೇ ವಾಲ್‌ಗ್ರಿಂಡ್‌ನ ಕೆಳಗೆ ಓಡಿಸಿದರೆ ಬಿಡದೇ ಉಳಿದ ಮೆಮೊರಿ ಎಷ್ಟು ಬೈಟ್, ಯಾವ ಸಾಲಿನದ್ದು ಎಂಬ ಲೆಕ್ಕ ಪರದೆಯ ಮೇಲೆ ಬರುತ್ತದೆ.