ಸ್ಟುಡಿಯೋ ಮನೆಯೊಳಕ್ಕೆ ಬಂದಾಗ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪ್ರೇಕ್ಷಕನಿಗೆ ಅಭಿನಯದ ಅತಿರೇಕವೆಂಬುದು ಪರದೇಶದಿಂದ ತರಿಸಿಕೊಳ್ಳಬೇಕಾದ ಸರಕೇನೂ ಅಲ್ಲ. ಒಂದು ಮಗ್ಗುಲಿಗೆ ಕುಲಗೋಡ ತಮ್ಮಣ್ಣನ ಕೈಯಲ್ಲಿ ಕಳೆಯೇರಿ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರ ಕಂಠದಲ್ಲಿ ಊರೂರು ಸುತ್ತಿದ ಶ್ರೀಕೃಷ್ಣ ಪಾರಿಜಾತ. ಇನ್ನೊಂದು ಮಗ್ಗುಲಿಗೆ, ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಶಾಕುಂತಲವನ್ನು ರಂಗಕ್ಕೆ ತಂದು ನೆಲೆಗೊಳಿಸಿದ ಮರಾಠಿ ಸಂಗೀತ ನಾಟಕ. ಇವೆರಡರ ನಡುವೆ ಬೆಳೆದ ಈ ಗಡಿನಾಡಿನ ರಸಿಕನು, ಒಂದು ಹೂವಿನ ಸಲುವಾಗಿ ಸತ್ಯಭಾಮೆಯು ಮುನಿದು, ಮೂದಲಿಸಿ, ಇರುಳನ್ನೆಲ್ಲ ಆ ಒಂದು ಮುನಿಸಿನಲ್ಲಿಯೇ ಕಳೆದರೂ ‘ಅತಿಯಾಯಿತು’ ಎಂದು ಎದ್ದು ಹೋದವನಲ್ಲ. ಅತಿಯಾಗುವುದನ್ನು ನೋಡಲೆಂದೇ ಬುತ್ತಿ ಕಟ್ಟಿಕೊಂಡು ಬಂದವನು. ಶತಾಯುಷಿಗಳಾಗಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ತಮ್ಮ ಎಳೆಯ ಪ್ರಾಯದಲ್ಲಿ ಸೀರೆಯುಟ್ಟು ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಾಲದಲ್ಲಿ, ಅದು ಗಂಡಸಿನ ವೇಷವೆಂಬುದನ್ನು ಬಲ್ಲವರೇ ಆ ಪಾತ್ರದ ದುಃಖಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ವೇಷವೆಂದು ತಿಳಿದಿರುವುದು, ತಿಳಿದೂ ಮೈಮರೆಯುವುದು, ಮೈಮರೆತದ್ದಕ್ಕೆ ಮತ್ತೆ ತನ್ನನ್ನೇ ನೋಡಿ ನಗುವುದು, ಈ ಮೂರೂ ಕೂಡಿದ ರಸಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಪ್ರತ್ಯೇಕವಾದ ಹೆಸರಿಲ್ಲ.

ಪಾಶ್ಚಾತ್ಯರು ಇದಕ್ಕೆ ಸಮೀಪವಾದುದನ್ನು ‘ಕ್ಯಾಂಪ್’ ಎಂದು ಕರೆಯುತ್ತಾರೆ. ಅಮೆರಿಕದ ಲೇಖಕಿ ಸೂಸನ್ ಸೊಂಟ್ಯಾಗ್ 1964ರಲ್ಲಿ ಇದನ್ನು ಕುರಿತು ಬರೆದ ಟಿಪ್ಪಣಿಗಳು ಪ್ರಸಿದ್ಧವಾದವು. ಗಂಭೀರವಾಗಿರಲು ಪ್ರಾಣವನ್ನೇ ಪಣವಿಟ್ಟ ಕೃತಿಯೊಂದು ತನ್ನ ಅತಿಯಾದ ಗಾಂಭೀರ್ಯದ ಭಾರಕ್ಕೆ ತಾನೇ ಕುಸಿದು ನಗೆಯನ್ನು ಹುಟ್ಟಿಸಿದರೆ, ಮತ್ತು ಆ ನಗೆಯಲ್ಲಿ ತಿರಸ್ಕಾರಕ್ಕಿಂತ ಒಂದು ವಿಧದ ಅಕ್ಕರೆಯೇ ಮಿಗಿಲಾಗಿದ್ದರೆ, ಅದು ಕ್ಯಾಂಪ್ ಎಂದು ಸ್ಥೂಲವಾಗಿ ಹೇಳಬಹುದು. ಈ ಅಭಿರುಚಿಗೆ ಹಾಲಿವುಡ್ ಕೊಟ್ಟ ಮಹಾಕಾಣಿಕೆಯೆಂದು ಹೆಸರಾದದ್ದು 1981ರಲ್ಲಿ ತೆರೆಕಂಡ ‘ಮಮ್ಮಿ ಡಿಯರೆಸ್ಟ್’. ಇದರ ವಸ್ತುವಾದರೋ ನಗುವಂಥದ್ದಲ್ಲ. ಹೆಸರಾಂತ ಚಿತ್ರತಾರೆಯೊಬ್ಬಳು ತಾನು ದತ್ತು ಪಡೆದ ಮಗಳನ್ನು ಹಿಂಸಿಸಿದ ಕಥೆ.

ಆ ತಾರೆ ಜೋನ್ ಕ್ರಾಫರ್ಡ್. ಟೆಕ್ಸಸ್ಸಿನಲ್ಲಿ ಲೂಸಿಲ್ ಎಂಬ ಹೆಸರಿನಿಂದ ಹುಟ್ಟಿ, 1925ರಲ್ಲಿ ಎಂ.ಜಿ.ಎಂ. ಸಂಸ್ಥೆಯನ್ನು ಸೇರಿ, ಮೂಕಚಿತ್ರಗಳ ಕಾಲದಿಂದ ಮಾತಿನ ಚಿತ್ರಗಳ ಕಾಲಕ್ಕೆ ಎಡವದೆ ದಾಟಿ ಬಂದವಳು. 1938ರಲ್ಲಿ ಚಿತ್ರಮಂದಿರಗಳ ಒಡೆಯರು ‘ಗಲ್ಲಾಪೆಟ್ಟಿಗೆಗೆ ವಿಷ’ವೆಂದು ಸಾರಿದ ನಟರ ಪಟ್ಟಿಯಲ್ಲಿ ಆಕೆಯ ಹೆಸರೂ ಇದ್ದಿತು; 1943ರಲ್ಲಿ ಎಂ.ಜಿ.ಎಂ. ಬಿಟ್ಟಳು, ಮುಗಿದಳೆಂದು ಜನ ಅಂದುಕೊಳ್ಳುವಷ್ಟರಲ್ಲಿ ‘ಮಿಲ್ಡ್ರೆಡ್ ಪಿಯರ್ಸ್’ ಎಂಬ ಚಿತ್ರದಲ್ಲಿ ನಟಿಸಿ ಆಸ್ಕರ್ ಪ್ರಶಸ್ತಿಯನ್ನು ಗೆದ್ದಳು. ಆ ಚಿತ್ರದಲ್ಲಿ ಆಕೆಯದು ಕೃತಘ್ನಳಾದ ಮಗಳಿಗಾಗಿ ತನ್ನ ಬಾಳನ್ನೇ ತೇಯುವ ತಾಯಿಯ ಪಾತ್ರ. ವಿಧಿಯು ಇಷ್ಟು ಢಾಳಾಗಿ ವ್ಯಂಗ್ಯವಾಡಿದರೆ ನಾಟಕ ಬರೆಯುವವನಿಗೆ ಉಳಿಯುವ ಕೆಲಸವಾದರೂ ಏನು!

1977ರಲ್ಲಿ ಕ್ರಾಫರ್ಡ್ ತೀರಿಕೊಂಡಳು. ಆಕೆ ದತ್ತು ಪಡೆದು ಸಾಕಿದ ಮಕ್ಕಳು ನಾಲ್ವರು; ಮೃತ್ಯುಪತ್ರವನ್ನು ಒಡೆದು ಓದಿದಾಗ ಹಿರಿಯ ಮಗಳು ಕ್ರಿಸ್ಟೀನಾಳಿಗೂ ಮಗ ಕ್ರಿಸ್ಟಫರನಿಗೂ ಚಿಕ್ಕಾಸೂ ಇರಲಿಲ್ಲ, ಕಾರಣವು ಅವರಿಗೇ ತಿಳಿದಿದೆ ಎಂಬ ಒಂದು ಒಕ್ಕಣೆಯ ಹೊರತು. ಮರುವರ್ಷವೇ ಕ್ರಿಸ್ಟೀನಾಳ ಪುಸ್ತಕ ಹೊರಬಿದ್ದಿತು. ನಡುರಾತ್ರಿಯಲ್ಲಿ ಎಬ್ಬಿಸಿ ಹೊಡೆದದ್ದು, ಉಣ್ಣಲೊಲ್ಲೆನೆಂದ ಅರೆಬೆಂದ ಮಾಂಸವನ್ನೇ ಹೊತ್ತು ಹೊತ್ತಿಗೂ ಮುಂದಿಟ್ಟದ್ದು, ಕುಡಿತ, ಕೋಪ, ಶುಚಿತ್ವದ ಹುಚ್ಚು, ಇವೆಲ್ಲ ಅದರಲ್ಲಿದ್ದವು. ಹೊಟ್ಟೆಗೆ ಬಟ್ಟೆಗೆ ಏನೂ ಕಡಿಮೆಯಿಲ್ಲದ, ನಾಲ್ಕು ಜನ ಹೊಗಳುವ ಮನೆಯಲ್ಲಿಯೂ ಮಗುವಿಗೆ ನರಕವಿರಬಹುದೆಂಬುದನ್ನು ಅಷ್ಟು ಪ್ರಸಿದ್ಧವಾದ ಹೆಸರಿನೊಡನೆ ಅಲ್ಲಿಯವರೆಗೆ ಹೇಳಿದವರು ವಿರಳವಾದ್ದರಿಂದ ಪುಸ್ತಕ ಭಾರಿ ಪ್ರಮಾಣದಲ್ಲಿ ಮಾರಾಟವಾಯಿತು. ಅವಳಿ ತಂಗಿಯರಾದ ಕ್ಯಾಥಿ, ಸಿಂಡಿಯರು ಮಾತ್ರ, ತಾವು ಕಂಡ ತಾಯಿ ಇವಳಲ್ಲವೆಂದು ಅದನ್ನು ಅಲ್ಲಗಳೆದರು. ಒಂದೇ ಮನೆಯಲ್ಲಿ ಹಿರಿಯ ಮಗು ಕಂಡ ತಾಯಿಯೂ ಕಿರಿಯ ಮಗು ಕಂಡ ತಾಯಿಯೂ ಬೇರೆ ಬೇರೆಯಾಗಿರುವುದು, ಹತ್ತು ಜನ ಕೂಡಿ ಬಾಳಿದ ನಮ್ಮ ದೊಡ್ಡ ಮನೆತನಗಳನ್ನು ಕಂಡವರಿಗೆ, ಅಸಂಭವವೆಂದು ತೋರುವುದಿಲ್ಲ.

ಪುಸ್ತಕವನ್ನು ಚಿತ್ರವಾಗಿಸಿದವನು ಫ್ರ್ಯಾಂಕ್ ಪೆರಿ. ಹಣ ಹೂಡಿದ್ದು ಪ್ಯಾರಮೌಂಟ್. ಕ್ರಾಫರ್ಡಳ ಪಾತ್ರಕ್ಕೆ ಬಂದವಳು ಫೇ ಡನವೇ. ಕ್ರಾಫರ್ಡಳೇ ತನ್ನ ಕೊನೆಗಾಲದಲ್ಲಿ ಹೊಸ ತಲೆಮಾರಿನವರ ನಡುವೆ ನಿಜವಾದ ತಾರೆಯ ಕಳೆಯುಳ್ಳವಳೆಂದು ಮೆಚ್ಚಿ ಬರೆದಿದ್ದ ನಟಿ ಈಕೆಯೇ. ಚಿತ್ರದ ಕಾರ್ಯನಿರ್ವಾಹಕ ನಿರ್ಮಾಪಕರಲ್ಲಿ ಒಬ್ಬಾತ ಕ್ರಿಸ್ಟೀನಾಳ ಗಂಡ, ಇನ್ನೊಬ್ಬಾತ ಡನವೇಯ ಕೈಹಿಡಿಯಲಿದ್ದ ಛಾಯಾಗ್ರಾಹಕ ಟೆರಿ ಓನೀಲ್. ಒಬ್ಬನ ಹಿತ ಮಗಳ ಕಡೆಗೆ, ಇನ್ನೊಬ್ಬನ ಹಿತ ತಾಯಿಯ ಪಾತ್ರಧಾರಿಣಿಯ ಕಡೆಗೆ. ಬೀಗರಿಬ್ಬರೂ ಯಜಮಾನಿಕೆಗೆ ನಿಂತ ಮದುವೆಮನೆಯಲ್ಲಿ ಅಡಿಗೆಯ ರುಚಿ ಹೇಗಿರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದ ನಡುವೆ ಒಂದು ರಾತ್ರಿಯ ಪ್ರಸಂಗ. ಮುಖಕ್ಕೆ ಬೆಳ್ಳಗೆ ಕ್ರೀಮು ಮೆತ್ತಿಕೊಂಡ ತಾಯಿ ಮಗಳ ಕೋಣೆಗೆ ಬಂದು, ಬೀರುವಿನಲ್ಲಿ ತೂಗುಹಾಕಿದ ಬೆಲೆಬಾಳುವ ಉಡುಪುಗಳ ಸಾಲನ್ನು ತೃಪ್ತಿಯಿಂದ ನೋಡುತ್ತ ನೋಡುತ್ತ, ಒಂದು ಉಡುಪು ಮಾತ್ರ ಅಗ್ಗದ ತಂತಿಯ ಹ್ಯಾಂಗರಿನಲ್ಲಿರುವುದನ್ನು ಕಂಡು, ಅದನ್ನು ಕಿತ್ತು, ಗಗನಕ್ಕೇರುವ ಧ್ವನಿಯಲ್ಲಿ ಅಬ್ಬರಿಸುತ್ತ, ನಿದ್ದೆಗಣ್ಣಿನ ಮಗುವನ್ನು ಅದರಿಂದಲೇ ಬಡಿಯುತ್ತಾಳೆ. ಆ ಬಿಳಿಯ ಮುಖ, ಕೆಂಪು ಬಾಯಿ, ಅಗಲವಾದ ಕರಿಯ ಹುಬ್ಬು ಕಂಪನಿ ನಾಟಕದ ಹಿಡಿಂಬೆಗೆ ತಕ್ಕ ಬಣ್ಣಗಾರಿಕೆಯಂತೆಯೇ ಇವೆ. ಬೇರೊಂದು ರಾತ್ರಿ ಆಕೆ ತೋಟದ ಗುಲಾಬಿಗಳನ್ನೆಲ್ಲ ಕಡಿದು, ಕೊಡಲಿಯನ್ನು ತರಲು ಮಗಳನ್ನೇ ಅಟ್ಟುತ್ತಾಳೆ. ಭಯಾನಕವಾಗಬೇಕಾಗಿದ್ದ ಈ ದೃಶ್ಯಗಳಿಗೆ ಅಮೆರಿಕದ ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಮತ್ತೆ ಬಂದರು. ಮಾತುಗಳನ್ನು ಬಾಯಿಪಾಠ ಮಾಡಿ ನಟಿಯೊಡನೆ ತಾವೂ ಕೂಗಿದರು. ಇದನ್ನು ಕಂಡ ಪ್ಯಾರಮೌಂಟ್ ಸಂಸ್ಥೆಯು, ಕರುಣಕಥೆಯೆಂದು ಬಿಡುಗಡೆ ಮಾಡಿದ ಚಿತ್ರವನ್ನು ಕೆಲವೇ ವಾರಗಳಲ್ಲಿ ವಿನೋದಚಿತ್ರದ ಧಾಟಿಯಲ್ಲಿ ಜಾಹೀರುಪಡಿಸಹತ್ತಿತು. ನಿರ್ಮಾಪಕ ಫ್ರ್ಯಾಂಕ್ ಯಾಬ್ಲನ್ಸ್ ಸಿಟ್ಟಾಗಿ ನ್ಯಾಯಾಲಯದ ಮೆಟ್ಟಿಲೇರಿದ. ಕಳಪೆ ಚಿತ್ರಗಳಿಗೆ ಅಣಕದ ಬಹುಮಾನ ಹಂಚುವ ಗೋಲ್ಡನ್ ರಾಸ್ಪ್‌ಬೆರಿಯವರು ಇದಕ್ಕೆ ಐದು ಬಹುಮಾನಗಳನ್ನು ಕಟ್ಟಿ, ಸಾಲದೆಂದು ಮುಂದೆ ಆ ದಶಕದ ಅತ್ಯಂತ ಕಳಪೆ ಚಿತ್ರವೆಂದೂ ಸಾರಿದರು.

ಜನ ನಕ್ಕರೆಂದು ಜನರನ್ನು ದೂರುವುದು ಸುಲಭ; ನನಗೆ ಅದು ಅನ್ಯಾಯವೆಂದು ತೋರುತ್ತದೆ. ಕಾರಣವಿಲ್ಲದ ಕೋಪವನ್ನು ತೆರೆಯ ಮೇಲೆ ಕಂಡವನು ನಗದೆ ಮತ್ತೇನು ಮಾಡಬೇಕು? ಚಿತ್ರವು ಆರಂಭವಾಗುವಾಗಲೇ ಕ್ರಾಫರ್ಡ್ ದೊಡ್ಡ ತಾರೆ. ನಸುಕಿನಲ್ಲಿ ಎದ್ದು, ಕುದಿನೀರಿನಲ್ಲಿ ಮುಖ ತಿಕ್ಕಿ, ಮಂಜುಗಡ್ಡೆಯಲ್ಲಿ ಅದ್ದಿ, ಸ್ಟುಡಿಯೋಕ್ಕೆ ಹೊರಡುವವಳು. ಆಕೆ ಎಲ್ಲಿಂದ ಬಂದವಳೆಂಬುದರ ಮೇಲೆ ಕ್ಯಾಮರಾ ನಿಲ್ಲುವುದಿಲ್ಲ. ನಿಜದಲ್ಲಿಯಾದರೆ ಆಕೆಯ ತಂದೆ ಸಂಸಾರವನ್ನು ತೊರೆದು ಹೋಗಿದ್ದ; ಮುಂದೆ ತಾಯಿ ಕ್ಯಾನ್ಸಾಸ್ ಸಿಟಿಯಲ್ಲಿ ಲಾಂಡ್ರಿಯ ಕೆಲಸಕ್ಕೆ ಸೇರಿದಾಗ ಹುಡುಗಿ ಆ ಲಾಂಡ್ರಿಯಲ್ಲಿಯೇ ವಾಸವಾಗಿದ್ದವಳು; ಶಾಲೆಯಲ್ಲಿ ಓದುವುದಕ್ಕಾಗಿ ಅಲ್ಲಿಯ ನೆಲ ಒರೆಸಿ, ಪಾತ್ರೆ ತಿಕ್ಕಿದವಳು. ತಂತಿಯ ಹ್ಯಾಂಗರು ಲಾಂಡ್ರಿಯ ವಸ್ತು. ಉಳ್ಳವರ ಬಟ್ಟೆಗಳು ಅದಕ್ಕೆ ತೂಗಿಬಿದ್ದುಕೊಂಡು ಮನೆಗಳಿಗೆ ಹೋಗುತ್ತಿದ್ದುದನ್ನು ನೋಡಿ ಬೆಳೆದ ಹುಡುಗಿ, ತಾನು ಉಳ್ಳವಳಾದ ಮೇಲೆ ತನ್ನ ಮಗಳ ಬೀರುವಿನಲ್ಲಿ ಅದನ್ನು ಕಂಡು ಏನನ್ನು ನೆನೆದಿರಬಹುದೆಂಬುದು ನನ್ನ ಊಹೆಯಷ್ಟೆ. ಆದರೆ ಊಹಿಸಬೇಕಾದ್ದು ಚಿತ್ರಕಥೆ ಬರೆದವರ ಕೆಲಸವಾಗಿತ್ತು. ಇದರಿಂದ ಆ ಮಗುವಿನ ಬೆನ್ನ ಮೇಲಿನ ಒಂದು ಬಾಸುಂಡೆಯೂ ಮಾಸುವುದಿಲ್ಲ. ಬಡಿದವಳು ಮನುಷ್ಯಳೆಂಬುದು ತಿಳಿಯುತ್ತಿತ್ತು, ಮನುಷ್ಯಳೆಂದು ತಿಳಿದಾಗ ನಗೆ ಗಂಟಲಲ್ಲಿಯೇ ನಿಲ್ಲುತ್ತಿತ್ತು.

ಇಂಥದೇ ಸಾಮಗ್ರಿಯಿಂದ ಬೇರೆಯಾದ ಚಿತ್ರವನ್ನು ಕಟ್ಟಬಹುದೆಂಬುದಕ್ಕೆ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದೆ. ಪ್ರಭಾತ್ ಕಂಪನಿಯು 1929ರಲ್ಲಿ ಹುಟ್ಟಿದ ಕೊಲ್ಲಾಪುರ ನಿಪ್ಪಾಣಿಗೆ ಎಷ್ಟು ದೂರ! ಅದೇ ಕಂಪನಿಯ ‘ಸಂತ ಸಖು’ವಿನಲ್ಲಿಯೂ ಮುಂದೆ ‘ಲೋಕಶಾಹೀರ ರಾಮಜೋಶಿ’ಯಲ್ಲಿಯೂ ನಟಿಸಿದ ಹಂಸಾ ವಾಡಕರ್ ಅವರು ಮರಾಠಿ ಬಲ್ಲ ಗಡಿನಾಡಿನ ಹಿರಿಯರಿಗೆ ಪರಿಚಿತರೇ. ಎಳವೆಯಲ್ಲಿಯೇ ಮನೆಯ ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚಿದ ಅವರು ಹೇಳಿದ ಆತ್ಮಕಥೆಯನ್ನು ಅರುಣ ಸಾಧು ಬರೆದುಕೊಂಡರು. ಹಂಸಾ ಅವರೇ ನಟಿಸಿದ್ದ 1959ರ ಚಿತ್ರದ ಹೆಸರನ್ನೇ ಹೊತ್ತು ‘ಸಾಂಗತ್ಯೇ ಐಕಾ’ ಎಂಬ ಆ ಪುಸ್ತಕವು 1970ರಲ್ಲಿ ಹೊರಬಂದಿತು. ಅದರ ಆಧಾರದ ಮೇಲೆ ಶ್ಯಾಮ್ ಬೆನೆಗಲ್ 1977ರಲ್ಲಿ ‘ಭೂಮಿಕಾ’ ಚಿತ್ರವನ್ನು ನಿರ್ದೇಶಿಸಿದರು. ಸತ್ಯದೇವ ದುಬೆ ಮತ್ತು ಬೆನೆಗಲ್ಲರ ಜೊತೆಗೂಡಿ ಚಿತ್ರಕಥೆ ಬರೆದವರು ನಮ್ಮ ಗಿರೀಶ ಕಾರ್ನಾಡರು. ನಾಯಕಿಯನ್ನು ಮೌನವಾಗಿ ಪ್ರೀತಿಸುವ ಸಹನಟ ರಾಜನ್ ನಮ್ಮ ಅನಂತನಾಗ್. ಚಿತ್ರಕಥೆಗೂ, ನಾಯಕಿ ಉಷೆಯಾದ ಸ್ಮಿತಾ ಪಾಟೀಲರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

‘ಭೂಮಿಕಾ’ದ ಮನೆಯೂ ಕಠೋರವಾದುದೇ. ಸುಲಭಾ ದೇಶಪಾಂಡೆಯವರು ಅಭಿನಯಿಸಿದ ತಾಯಿ ಬಿರುನುಡಿಯವಳು, ಮಗಳ ಮೇಲೆ ಕೈಯೆತ್ತುವವಳು. ಆದರೆ ಆಕೆಯ ಹಿಂದೆ ದೇವದಾಸಿ ಪರಂಪರೆಯ ಕಲಾವಂತ ಕುಲದ ಗಾಯಕಿಯಾದ ಮುದುಕಿ ತಾಯಿಯಿದ್ದಾಳೆ, ಕುಡುಕನಾದ ಗಂಡನಿದ್ದಾನೆ, ಆತ ಸತ್ತ ಮೇಲೆ ಬರಿದಾದ ಅಡಿಗೆಮನೆಯಿದೆ, ನೆರವಿನ ನೆವದಲ್ಲಿ ಹುಡುಗಿಯ ಮೇಲೆ ಕಣ್ಣಿಟ್ಟು ಬಂದು ಹೋಗುವ ಕೇಶವ ದಳವಿಯಿದ್ದಾನೆ. ಕುಲದ ದಾರಿ ಮಗಳಿಗೆ ಬೇಡವೆಂದು ಹಟ ಹಿಡಿದ ತಾಯಿಯೇ ಆ ಮಗಳ ಗಳಿಕೆಯ ಅನ್ನವನ್ನು ಉಣ್ಣಬೇಕಾಗುತ್ತದೆ. ಮುಂದೆ ಉಷೆಯೂ ತಾಯಿಯಾಗುತ್ತಾಳೆ. ಆಕೆಯ ಮಗಳೂ ತಾರೆಯ ಮನೆಯಲ್ಲಿ ತಾಯಿಯ ದಾರಿ ಕಾಯುತ್ತ ಬೆಳೆಯುತ್ತಾಳೆ. ದೊಡ್ಡವಳಾಗಿ, ಮದುವೆಯಾಗಿ, ತನ್ನೊಡನೆ ಬಂದಿರೆಂದು ಕರೆದಾಗ ಉಷೆ ಹೋಗುವುದಿಲ್ಲ. ಇನ್ನೊಂದು ಮರ್ಮವನ್ನು ಗಮನಿಸಬೇಕು. ಉಷೆ ನಟಿಸುವ ಹಳೆಯ ಚಿತ್ರಗಳ ತುಣುಕುಗಳು ‘ಭೂಮಿಕಾ’ದಲ್ಲಿ ಯಥೇಚ್ಛವಾಗಿವೆ, ಅವು ಕೃತಕವಾದ ಹಿನ್ನೆಲೆಪರದೆ, ಉಬ್ಬಿಸಿದ ಮಾತು, ಹೊರಳಿಸಿದ ಕಣ್ಣುಗಳೊಡನೆ ಬೇಕೆಂದೇ ಅತಿಯಾಗಿವೆ, ನಗೆಯನ್ನೂ ಹುಟ್ಟಿಸುತ್ತವೆ. ಛಾಯಾಗ್ರಾಹಕ ಗೋವಿಂದ ನಿಹಲಾನಿ ಸೆಟ್ಟಿನ ಬೆಳಕನ್ನು ಬೇರೆಯಾಗಿ, ಮನೆಯ ಬೆಳಕನ್ನು ಬೇರೆಯಾಗಿ ಹಿಡಿದಿದ್ದಾರೆ. ಅತಿರೇಕವು ಸ್ಟುಡಿಯೋದಲ್ಲಿಯೇ ಉಳಿಯುತ್ತದೆ. ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಫ್ರ್ಯಾಂಕ್ ಪೆರಿ ಮಾಡಿದ್ದು ಇದಕ್ಕೆ ವಿರುದ್ಧವಾದುದು: ಸ್ಟುಡಿಯೋವನ್ನೇ ಮಗುವಿನ ಮಲಗುವ ಕೋಣೆಗೆ ತಂದು ಇಳಿಸಿದ.

ಉಷೆಯ ಕುಲದ ಕಥೆ ನಮ್ಮ ಸೀಮೆಯವರಿಗೆ ವಿಶೇಷವಾಗಿ ತಟ್ಟಬೇಕಾದ ಕಾರಣವೊಂದಿದೆ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿ ಬಲವಾಗಿ ಬೇರೂರಿದ್ದ ನೆಲಗಳಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿಗಳೂ ಸೇರಿವೆ. ಅದನ್ನು ನಿಷೇಧಿಸುವ ಕರ್ನಾಟಕದ ಕಾಯಿದೆಯಾದದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಅವ್ವನೇ ಮಗಳಿಗೂ ಮುತ್ತು ಕಟ್ಟಿಸಿದ ಮನೆಗಳಿದ್ದವು. ಆ ಅವ್ವನನ್ನು ಕ್ರೂರಿಯೆಂದರೆ ಸುಳ್ಳಾಗದು. ಅಷ್ಟಕ್ಕೇ ನಿಲ್ಲಿಸಿದರೆ ಊರಗೌಡ, ಹಸಿವು, ಸಾಲ, ಜಾತಿ ಎಲ್ಲವೂ ಜಾರಿಕೊಳ್ಳುತ್ತವೆ. ಆ ಪದ್ಧತಿಯ ನಿರ್ಮೂಲನಕ್ಕೆಂದು ಎಂಬತ್ತರ ದಶಕದಲ್ಲಿ ಅಥಣಿಯಲ್ಲಿ ಹುಟ್ಟಿದ ವಿಮೋಚನಾ ಸಂಘವು ತಾಯಂದಿರನ್ನು ಬೈಯುತ್ತ ಕೂರದೆ ದೇವದಾಸಿಯರ ಮಕ್ಕಳಿಗಾಗಿ ವಸತಿಶಾಲೆಯನ್ನು ತೆರೆಯಿತು.

ಡನವೇಯ ವಿಷಯದಲ್ಲಿ ಒಂದು ಮಾತನ್ನು ಹೇಳದಿದ್ದರೆ ಅಪಚಾರವಾದೀತು. ರಾಸ್ಪ್‌ಬೆರಿಯವರು ಏನನ್ನೇ ಕೊಡಲಿ, ಆಕೆಯ ಅಭಿನಯ ಕಳಪೆಯಲ್ಲ. ನಿಷ್ಠುರ ವಿಮರ್ಶಕಿಯೆಂದು ಹೆಸರಾದ ಪಾಲಿನ್ ಕೇಲ್ ಅದನ್ನು ಮುಕ್ತವಾಗಿ ಮೆಚ್ಚಿದ್ದುಂಟು. ಕ್ರಾಫರ್ಡಳ ಮನೆ ನಿಜವಾಗಿಯೂ ಒಂದು ಸೆಟ್ಟೇ ಆಗಿದ್ದಿತು. ಹಬ್ಬ ಬಂದರೆ ಪತ್ರಿಕೆಯ ಛಾಯಾಗ್ರಾಹಕರು, ರೇಡಿಯೋದವರು, ಹೊಳೆಯುವ ಉಡುಪಿನ ಮಕ್ಕಳು, ತಿದ್ದಿದ ನಗೆ. 1968ರಲ್ಲಿ ಟೆಲಿವಿಷನ್ ಧಾರಾವಾಹಿಯೊಂದರಲ್ಲಿ ನಟಿಸುತ್ತಿದ್ದ ಕ್ರಿಸ್ಟೀನಾ ಕಾಯಿಲೆ ಬಿದ್ದಾಗ, ಇಪ್ಪತ್ತೆಂಟರ ಹೆಣ್ಣಿನ ಆ ಪಾತ್ರವನ್ನು ಕೆಲವು ಕಂತುಗಳಿಗೆ ತಾನೇ ವಹಿಸಿಕೊಂಡವಳು ಅರವತ್ತರ ಅಂಚಿನ ತಾಯಿ! ಇಂಥವಳನ್ನು ಮೆತ್ತಗೆ ಅಭಿನಯಿಸಿದ್ದರೆ ಅದೇ ಸುಳ್ಳಾಗುತ್ತಿತ್ತು. ತಪ್ಪು ನಟಿಯ ಧ್ವನಿಯದಲ್ಲ. ಅಷ್ಟು ದೊಡ್ಡ ಧ್ವನಿಯೆದುರು ಮಗುವಿಗೆ ಒಂದು ಸ್ವಂತ ನೋಟವನ್ನಾದರೂ ಕೊಡದೆ ಹೋದ ನಿರ್ದೇಶಕನದು. ಆದರೂ ಬೆಲೆ ತೆತ್ತವಳು ನಟಿಯೇ. ಈ ಪಾತ್ರವು ತನ್ನ ವೃತ್ತಿಗೆ ಕವಿದ ನೆರಳೆಂಬಂತೆ ಡನವೇ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಳು.

ಕ್ರಿಸ್ಟೀನಾಳಿಗೂ ಚಿತ್ರವು ಹಿಡಿಸಲಿಲ್ಲ. ಹ್ಯಾಂಗರುಗಳನ್ನು ಹಿಡಿದು ಮಧ್ಯರಾತ್ರಿಯ ಪ್ರದರ್ಶನಗಳಿಗೆ ಬರುವ ಜನರಿಗೆ ಆಕೆಯ ಬಾಲ್ಯವು ಒಂದು ಹಬ್ಬದ ಸಾಮಾನಾಗಿಬಿಟ್ಟಿತ್ತು. 2013ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಆಕೆ ನ್ಯೂಯಾರ್ಕಿನ ಒಂದು ಚಿಕ್ಕ ರಂಗಮಂದಿರದಲ್ಲಿ ಒಬ್ಬಳೇ ನಿಂತು, ತನ್ನ ಪಾತ್ರವನ್ನು ಯಾರಿಗೂ ಬಿಟ್ಟುಕೊಡದೆ, ಆ ಮನೆಯ ಕಥೆಯನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದಳು.