ನೀಲಗಿರಿಯ ಪುಟ್ಟ ಮಕ್ಕಳ ಮೂರನೆಯ ಅವಧಿ

ನೀಲಗಿರಿಯ ಕೆಥೋಲಿಕ್ ಪ್ರಾಥಮಿಕ ಶಾಲೆಗಳಲ್ಲಿ ಕ್ರಿಸ್ಮಸ್ ರಜೆ ಮುಗಿದು, ಇಗರ್ಜಿಯ ಗೋದಲಿಯನ್ನು ಬಿಚ್ಚಿಡುವ ಹೊತ್ತಿಗೆ ಮಕ್ಕಳ ಕೈಗೆ ಹೊಸ ಪುಸ್ತಕ ಬರುತ್ತದೆ. ವರ್ಷದ ನಡುವೆ ಹೊಸ ಪುಸ್ತಕವೇ ಎಂದು ನಮ್ಮ ಕಡೆಯ ಹೆತ್ತವರು ಕೇಳಬಹುದು. ತಮಿಳುನಾಡು ಸರಕಾರವು 2012-13ನೇ ಸಾಲಿನಲ್ಲಿ ಒಂದರಿಂದ ಎಂಟನೆಯ ತರಗತಿಯವರಿಗೆ ಶಾಲಾ ವರ್ಷವನ್ನು ಮೂರು ಪಾಲು ಮಾಡಿತು. ಜೂನ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು, ಜನವರಿಯಿಂದ ಎಪ್ರಿಲ್ ಮೂರನೆಯದು. ಒಂದು ಅವಧಿಯ ಪಾಠ ಮುಗಿದರೆ ಆ ಪುಸ್ತಕವೂ ಮುಗಿಯಿತು. ಮುಂದಿನ ಪರೀಕ್ಷೆಗೆ ಅದನ್ನು ಹೊರಬೇಕಾಗಿಲ್ಲ. ಎಳೆಯ ಬೆನ್ನಿನ ಭಾರ ಇಳಿಸುವುದೇ ಇದರ ಉದ್ದೇಶ. ಗುಡ್ಡ ಹತ್ತಿ ಇಳಿದು ಶಾಲೆಗೆ ನಡೆಯುವ ಮಕ್ಕಳಿರುವ ಊರಿನಲ್ಲಿ ಈ ಉಪಕಾರ ಸಣ್ಣದಲ್ಲ.

ಕಾಸರಗೋಡಿನ ಓದುಗರ ಮುಂದೆ ನೀಲಗಿರಿಯ ಶಾಲಾ ಸುದ್ದಿ ಇಡುವುದಕ್ಕೆ ಕಾರಣವಿದೆ. ನೌಕರಿ, ವ್ಯಾಪಾರವೆಂದು ಅಲ್ಲಿಗೆ ಹೋಗಿ ನೆಲಸಿದ ಬಂಧುಗಳು ನಮ್ಮವರಿಗೆ ಇದ್ದಾರೆ ಎಂಬುದು ಒಂದು. 1956ರ ನವೆಂಬರ್ 1 ಇನ್ನೊಂದು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ನೀಲಗಿರಿ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಮಸಿನಗುಡಿಯ ಕನ್ನಡಿಗನೂ ಮಂಜೇಶ್ವರದ ಕನ್ನಡಿಗನೂ ಒಂದೇ ಗೆರೆಯ ಹೊರಗೆ ಬಿದ್ದವರು. ಗೂಡಲೂರಿನ ಕತೆ ಇನ್ನೂ ಸ್ವಾರಸ್ಯಕರ. ಮೊದಲು ವಯನಾಡಿನ ಭಾಗವಾಗಿದ್ದ ಆ ಸೀಮೆ 1877ರಲ್ಲಿ ನೀಲಗಿರಿಗೆ ಸೇರಿದ್ದರಿಂದ ಕೇರಳಕ್ಕೆ ಹೋಗಲಿಲ್ಲ. ಇಲ್ಲಿ ನಾವು ಇರುವ ಸ್ಥಾನದಲ್ಲಿ ಅಲ್ಲಿ ಮಲಯಾಳಿಗಳು ಇದ್ದಾರೆ. ಅವರ ಮಕ್ಕಳ ಅಕ್ಷರದ ಚಿಂತೆಯೂ ನಮ್ಮದರಂತೆಯೇ. ಇದನ್ನು ನಮ್ಮ ಮಲಯಾಳಿ ನೆರೆಯವರಿಗೆ ಒಮ್ಮೆ ಹೇಳಿ ನೋಡಬಹುದು.

ಚಳಿಗಾಲವೆಂದರೆ ಈ ಮೂರು ಊರುಗಳಿಗೆ ಮೂರು ಬಗೆ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್‌ನಿಂದ ಫೆಬ್ರವರಿಯ ತನಕ ತಲೈಕುಂದಾ, ಕಾಂದಲ್ ಮೊದಲಾದ ತಗ್ಗಿನ ಜಾಗಗಳಲ್ಲಿ ಇಬ್ಬನಿ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿ, ಬೆಳಗ್ಗೆ ಬಯಲೆಲ್ಲ ಉಪ್ಪು ಚೆಲ್ಲಿದ ಹಾಗೆ ಕಾಣುತ್ತದೆ. ಉಷ್ಣಮಾನ ಸೊನ್ನೆಯ ಹತ್ತಿರಕ್ಕೆ ಇಳಿಯುವುದೂ ಉಂಟು. ಗೂಡಲೂರು ಅದರ ಅರ್ಧ ಎತ್ತರದಷ್ಟೇ; ಅಲ್ಲಿ ಚಳಿಗಿಂತ ಮುಂಗಾರಿನ ಕಾಟವೇ ಹೆಚ್ಚು. ಮಸಿನಗುಡಿ ಮಳೆಯ ಮರೆಯಲ್ಲಿರುವ ಒಣ ಸೀಮೆ. ಹೀಗಾಗಿ ಮಳೆಯ ರಜೆಯೂ ತಾಲೂಕಿಗೊಂದು ತೆರನಾಗಿ ಬರುತ್ತದೆ. ಜೂನ್-ಜುಲೈಯಲ್ಲಿ ಗೂಡಲೂರಿನ ಶಾಲೆ ಮುಚ್ಚಿದಾಗ ಕೂನೂರಿನಲ್ಲಿ ಪಾಠ ನಡೆದಿರಬಹುದು. ನವೆಂಬರಿನ ಹಿಂಗಾರಿನಲ್ಲಿ ಅದು ತಿರುಗುಮುರುಗಾಗುತ್ತದೆ. 2009ರ ನವೆಂಬರಿನಲ್ಲಿ ಗುಡ್ಡ ಜರಿದು 40ಕ್ಕೂ ಹೆಚ್ಚು ಜನ ಸತ್ತದ್ದನ್ನು ಅಲ್ಲಿನವರು ಮರೆತಿಲ್ಲ. ಮಳೆಗೆ ಹೋದ ದಿನಗಳನ್ನು ಶನಿವಾರದ ತರಗತಿಗಳಿಂದ ತುಂಬಿಸುವುದು ರೂಢಿ. ಇವೆಲ್ಲದರ ನಡುವೆ ಆಕಾಶ ತಿಳಿಯಾಗಿ, ಪಾಠ ಅಡ್ಡಿಯಿಲ್ಲದೆ ಸಾಗುವುದು ಜನವರಿಯ ನಂತರವೇ.

ಹಿಂದೆ ಹೀಗಿರಲಿಲ್ಲ. ಬ್ರಿಟಿಷರ ಕಾಲದ ಗುಡ್ಡದ ಬೋರ್ಡಿಂಗ್ ಶಾಲೆಗಳು ಡಿಸೆಂಬರಿನಲ್ಲಿ ಬಾಗಿಲು ಹಾಕಿ, ಚಳಿ ಕಳೆದ ಮೇಲೆ ತೆರೆಯುತ್ತಿದ್ದವು. ಬಯಲು ಸೀಮೆಯಿಂದ ಬಂದ ಸಾಹೇಬರ ಮಕ್ಕಳಿಗೆ ಅದು ಅನುಕೂಲ. ಊರಿನ ಮಕ್ಕಳ ಶಾಲೆ ಚಳಿಯಲ್ಲೂ ನಡೆಯಬೇಕು, ನಡೆಯುತ್ತದೆ.

ಚಳಿಯಲ್ಲಿ ನಡೆಯುವ ಶಾಲೆಗೆ ಮೊದಲು ಬೇಕಾದದ್ದು ಬಿಸಿ ಊಟ. ಈ ವಿಚಾರದಲ್ಲಿ ಈಚಿನ ವರ್ಷಗಳಲ್ಲಿ ಒಂದು ಮುಖ್ಯ ಬದಲಾವಣೆ ಆಗಿದೆ. ತಮಿಳುನಾಡಿನಲ್ಲಿ ಮಧ್ಯಾಹ್ನದ ಊಟ ಕಾಮರಾಜರ ಕಾಲದಿಂದಲೂ ಉಂಟು, ಎಂ.ಜಿ.ಆರ್. ಅವರು 1982ರಲ್ಲಿ ಅದನ್ನು ಇನ್ನೂ ವಿಸ್ತರಿಸಿದರು. ಬೆಳಗಿನ ತಿಂಡಿಯ ಯೋಜನೆ ಆರಂಭವಾದದ್ದು 2022ರ ಸೆಪ್ಟೆಂಬರ್ 15ರಂದು ಮದುರೆಯಲ್ಲಿ. ಅದು 2023ರಲ್ಲಿ ರಾಜ್ಯದ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೂ ಹೋಯಿತು, ಆದರೆ ಅನುದಾನಿತ ಶಾಲೆಗಳು ಹೊರಗುಳಿದವು. ಒಂದೇ ಬೀದಿಯಲ್ಲಿ ಸರಕಾರಿ ಶಾಲೆಯ ಮಗುವಿಗೆ ಉಪ್ಪಿಟ್ಟು, ಪಕ್ಕದ ಸಿಸ್ಟರುಗಳ ಶಾಲೆಯ ಮಗುವಿಗೆ ಖಾಲಿ ಹೊಟ್ಟೆ ಎಂಬಂತಾಯಿತು. 2024ರ ಜುಲೈ 15ರಂದು, ಕಾಮರಾಜರ ಜನ್ಮದಿನದಂದೇ, ಗ್ರಾಮಾಂತರದ ಅನುದಾನಿತ ಪ್ರಾಥಮಿಕ ಶಾಲೆಗಳಿಗೂ ತಿಂಡಿ ಬಂತು. ತಿರುವಳ್ಳೂರು ಜಿಲ್ಲೆಯ ಕೀಳಚ್ಚೇರಿಯಲ್ಲಿ ಅದಕ್ಕೆ ಚಾಲನೆ ಕೊಟ್ಟದ್ದು ಒಂದು ಕೆಥೋಲಿಕ್ ಶಾಲೆಯಲ್ಲೇ. 2025ರ ಆಗಸ್ಟಿನಲ್ಲಿ ಪಟ್ಟಣಗಳ ಅನುದಾನಿತ ಶಾಲೆಗಳ ಸರದಿಯೂ ಬಂತು. ಉಪ್ಪಿಟ್ಟು, ಕಿಚಡಿ, ಪೊಂಗಲ್ ಎಂದು ವಾರದ ಪಟ್ಟಿ. ಮುಂಜಾನೆ ಚಾ ತೋಟದ ಕೆಲಸಕ್ಕೆ ಹೊರಡುವ ತಾಯಂದಿರಿಗೆ ಇದರ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ಇಲ್ಲಿ ‘ಅನುದಾನಿತ’ ಎಂಬ ಪದವನ್ನು ಹೆತ್ತವರು ಗಮನಿಸತಕ್ಕದ್ದು. ಹೊರಗಿನಿಂದ ನೋಡಿದರೆ ಎಲ್ಲವೂ ಕಾನ್ವೆಂಟೇ. ಆದರೆ ಸರಕಾರದಿಂದ ಅಧ್ಯಾಪಕರ ಸಂಬಳ ಪಡೆಯುವ ಶಾಲೆಯಲ್ಲಿ ಪುಸ್ತಕ ಧರ್ಮಾರ್ಥ, ಊಟವೂ ಉಂಟು. ಕಲಿಸುವ ಮಾತು ಹೆಚ್ಚಾಗಿ ತಮಿಳು. ಸ್ವಂತ ಖರ್ಚಿನ ಇಂಗ್ಲಿಷ್ ಶಾಲೆಯಲ್ಲಿ ಫೀಸು ಉಂಟು, ತಿಂಡಿ ಇಲ್ಲ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ನಾಲ್ಕನೆಯ ಒಂದು ಪಾಲು ಸೀಟು ಕಾನ್ವೆಂಟಿನಲ್ಲೂ ಸಿಗುತ್ತದೆಂದು ನಂಬಿ ಅರ್ಜಿ ಹಿಡಿದು ಓಡಾಡುವವರು ಇದ್ದಾರೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಒಂದು ಪೀಠ ಎತ್ತಿದೆ. ಆದುದರಿಂದ ಮುಂದಿನ ವರ್ಷದ ಸೇರ್ಪಡೆಯ ಮಾತು ನಡೆಯುವ ಈ ಅವಧಿಯಲ್ಲೇ ಶಾಲೆ ಯಾವ ಬಗೆಯದೆಂದು ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳುವುದು ಲೇಸು.

ಈಗ ಮಾತಿನ ವಿಷಯ. ಮಸಿನಗುಡಿಯಲ್ಲಿ ಕನ್ನಡ ಮಾತಾಡುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿ ಗುಂಡ್ಲುಪೇಟೆಯ ಕಡೆಯವರು; ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ನೆರೆಯಲ್ಲಿ ಬಡಗ, ಮಲಯಾಳ. ಆರು ವರ್ಷದ ಮಗು ನಾಲ್ಕನ್ನೂ ಆಡುತ್ತದೆ. ಶಾಲೆಗೆ ಹೋದ ಮೇಲೆ ತಮಿಳು ಅಕ್ಷರ ಬಂತು, ಇಂಗ್ಲಿಷ್ ಅಕ್ಷರ ಬಂತು. ಅಜ್ಜಿಯ ಮಾತಿಗೆ ಮಾತ್ರ ಅಕ್ಷರವಿಲ್ಲ. ಮಗು ಕನ್ನಡ ಮರೆಯುವುದಿಲ್ಲ, ಆದರೆ ಬಸ್ಸಿನ ಬೋರ್ಡು ಓದಲಾರದು. ಹತ್ತಾರು ಕಿಲೋಮೀಟರ್ ಆಚೆ ಬಂಡೀಪುರ ದಾಟಿದರೆ ಸಿಗುವ ಅಕ್ಷರಗಳು ಅದಕ್ಕೆ ಬರೀ ಚಿತ್ರ. ಈ ನಷ್ಟ ಸದ್ದಿಲ್ಲದೆ ಆಗುತ್ತದೆ, ಯಾರ ಮೇಲೂ ದೂರು ಹೇಳುವಂತಿಲ್ಲ. ಶಾಲೆ ತನ್ನ ಕೆಲಸ ಚೆನ್ನಾಗಿಯೇ ಮಾಡಿರುತ್ತದೆ.

ಕನ್ನಡ ಅಕ್ಷರ ಆ ಗುಡ್ಡಗಳಿಗೆ ಹೊಸತೂ ಅಲ್ಲ. ಕಾಸಮೇಜರ್ ಎಂಬಾತ 1840ರ ದಶಕದಲ್ಲಿ ಕೇತ್ತಿಯಲ್ಲಿ ಬಡಗರ ಮಕ್ಕಳಿಗಾಗಿ ಶಾಲೆ ತೆರೆದ. 1846ರಲ್ಲಿ ಮಂಗಳೂರಿನಿಂದ ಬಾಸೆಲ್ ಮಿಶನ್ನಿನವರು ಅಲ್ಲಿಗೆ ಹೋದರು. ಅವರು ಕಲಿಸಿದ್ದು ಕನ್ನಡದಲ್ಲಿ. ಲೂಕನ ಸುವಾರ್ತೆಯನ್ನು ಬಡಗ ಮಾತಿಗೆ ಇಳಿಸಿ ಕನ್ನಡ ಲಿಪಿಯಲ್ಲಿ 1890ರಲ್ಲಿ ಅಚ್ಚು ಹಾಕಿದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ. ಬಡಗ ಭಾಷೆ ಕನ್ನಡದ ಒಂದು ಬಗೆಯೋ ಬೇರೆ ಭಾಷೆಯೋ ಎಂಬ ವಿದ್ವಾಂಸರ ಜಗಳ ಹಾಗಿರಲಿ. ತಮ್ಮದು ಬೇರೆ ಭಾಷೆಯೆಂದು ಬಡಗರು ಹೇಳುವಾಗ ನಾವು ಒಪ್ಪತಕ್ಕದ್ದೇ. ಲಿಪಿ ಮಾತ್ರ ಅಂದು ನಮ್ಮದಿತ್ತು.

ಕೆಥೋಲಿಕರ ಕಡೆಯಲ್ಲೂ ನಂಟು ಮೈಸೂರಿನದೇ. ಉದಕಮಂಡಲದ ಧರ್ಮಪ್ರಾಂತ್ಯ 1955ರ ಜುಲೈ 3ರಂದು ಮೈಸೂರು ಧರ್ಮಪ್ರಾಂತ್ಯದಿಂದಲೇ ಬೇರೆಯಾಯಿತು. ಮೊದಲ ಬಿಷಪರು ಆಂಟನಿ ಪಡಿಯರ, ಮುಂದೆ 1988ರಲ್ಲಿ ಕಾರ್ಡಿನಲ್ ಆದವರು. ಜನವರಿ 6ರ ಮೂರು ರಾಯರ ಹಬ್ಬಕ್ಕೂ ಊಟಿಯ ಸಿಸ್ಟರುಗಳಿಗೂ ಒಂದು ವಿಶೇಷ ಸಂಬಂಧವುಂಟು. ಫ್ರಾನ್ಸಿನ ಮದರ್ ಮೇರಿ ಆಫ್ ದಿ ಪ್ಯಾಶನ್ ಮದುರೆಯ ಮಿಶನ್ ಬಿಟ್ಟು 1876ರಲ್ಲಿ ಊಟಿಗೆ ಬಂದರು. ಅವರು ಅಲ್ಲಿ ಕಟ್ಟಿದ ಸಂಸ್ಥೆಗೆ ಪೋಪ್ ಒಂಬತ್ತನೆಯ ಪಯಸ್ ಅನುಮತಿ ಕೊಟ್ಟದ್ದು 1877ರ ಜನವರಿ 6ರಂದು. ಫ್ರಾನ್ಸಿಸ್ಕನ್ ಮಿಶನರೀಸ್ ಆಫ್ ಮೇರಿ ಎಂದು ಈಗ ಲೋಕವೆಲ್ಲ ಹಬ್ಬಿರುವ ಆ ಸಭೆ ಹುಟ್ಟಿದ್ದು ನೀಲಗಿರಿಯ ಚಳಿಯಲ್ಲಿ. ಸ್ಥಾಪಕಿಯನ್ನು 2002ರಲ್ಲಿ ಪುನೀತೆಯೆಂದು ಸಾರಲಾಯಿತು.

ಕಾನೂನು ಏನು ಹೇಳುತ್ತದೆ? ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರಲ್ಲಿ, ರಾಜ್ಯಗಳ ಪುನರ್ವಿಂಗಡನೆಯ ಜೊತೆಗೇ ಸೇರಿದ್ದು. ನಮ್ಮಂಥವರ ಸಲುವಾಗಿಯೇ ಬರೆದದ್ದೆಂದರೆ ತಪ್ಪಲ್ಲ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯ ಕಾಯಿದೆ ತಂದು, ಆ ವರ್ಷದ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಮೊದಲ ಭಾಷೆಯಾಗಿ ಕಡ್ಡಾಯ ಮಾಡಿತು. ಮಾತೃಭಾಷೆ ಬೇರೆಯಾದರೆ ಅದನ್ನು ಐಚ್ಛಿಕ ವಿಷಯವಾಗಿ ಓದಬಹುದೆಂದಿತು. 2016ರಲ್ಲಿ ಆ ಮಕ್ಕಳು ಹತ್ತನೆಯ ತರಗತಿ ಮುಟ್ಟಿದಾಗ ಅಲ್ಪಸಂಖ್ಯಾತ ಶಾಲೆಗಳವರು ನ್ಯಾಯಾಲಯಕ್ಕೆ ಹೋದರು, ವಿನಾಯಿತಿಗಳು ಸಿಕ್ಕಿದವು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ವರ್ಷಕ್ಕೆ ಅದನ್ನು ಮುಂದುವರಿಸಿತು. ಕೇರಳದಲ್ಲಿ 2017ರ ಮಲಯಾಳ ಕಡ್ಡಾಯದ ಗಲಾಟೆ ಕಂಡ ನಮಗೆ ಈ ದಾರಿ ಅಪರಿಚಿತವಲ್ಲ. ತಮಿಳು ನೆಲದಲ್ಲಿ ಬಾಳುವ ಮಗು ತಮಿಳು ಕಲಿಯುವುದನ್ನು ಯಾರೂ ವಿರೋಧಿಸಬೇಕಾಗಿಲ್ಲ. ಐಚ್ಛಿಕವೆಂದ ಕನ್ನಡವನ್ನು ಕಲಿಸಲು ಅಧ್ಯಾಪಕರಿಲ್ಲದಿದ್ದರೆ ಆ ಅವಕಾಶ ಕಾಗದದಲ್ಲೇ ಉಳಿಯಿತು ಎಂಬುದಷ್ಟೇ ಪ್ರಶ್ನೆ.

ತಾಳವಾಡಿ, ಹೊಸೂರುಗಳ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಅವರಿಗಾಗಿ ತಮಿಳುನಾಡು ಪಠ್ಯಪುಸ್ತಕ ನಿಗಮವು ಕನ್ನಡದಲ್ಲೂ ಪಠ್ಯ ಹೊರತರುತ್ತದೆ. ಅಂದರೆ ಮಸಿನಗುಡಿಯ ಮಗು ಶಾಲೆಯಲ್ಲಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಓದುವ ಗಣಿತದ ಪಾಠವೇ ಕನ್ನಡದಲ್ಲಿ ಅಚ್ಚಾಗಿ ಬರುತ್ತದೆ. ಮೂರನೆಯ ಅವಧಿಯ ತೆಳ್ಳಗಿನ ಪುಸ್ತಕವನ್ನು ಮನೆಯಲ್ಲಿ ಪಕ್ಕದಲ್ಲಿಟ್ಟುಕೊಂಡು ಓದಿಸಿದರೆ ಅಕ್ಷರದ ಜೊತೆ ಪಾಠವೂ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಆನೆ ಓಡಾಡುವ ಊರಿನಲ್ಲಿ ಮಕ್ಕಳನ್ನು ಸಂಜೆ ಹೊರಗೆ ಬಿಡುವಂತಿಲ್ಲ. ಅಜ್ಜಿಗೂ ಮೊಮ್ಮಗಳಿಗೂ ಒಲೆಯ ಮುಂದೆ ಅರ್ಧ ಗಂಟೆ ಸಿಕ್ಕೇ ಸಿಗುತ್ತದೆ.

ಇನ್ನೊಂದು ಸಣ್ಣ ಕೆಲಸವುಂಟು. ಶಾಲೆಯ ದಾಖಲೆಯಲ್ಲಿ ಮಾತೃಭಾಷೆ ಎಂಬ ಕಲಂ ಇರುತ್ತದೆ. ಸೇರಿಸುವ ದಿನದ ಗಡಿಬಿಡಿಯಲ್ಲಿ ಅಲ್ಲಿ ತಮಿಳು ಎಂದು ಬರೆದುಬಿಟ್ಟರೆ ಆ ಮಗು ಲೆಕ್ಕದಲ್ಲಿ ಕನ್ನಡದ್ದಲ್ಲ. ನಾಳೆ ಕನ್ನಡ ಅಧ್ಯಾಪಕರು ಬೇಕೆಂದು ಮನವಿ ಕೊಡುವಾಗ ಅಧಿಕಾರಿಗಳು ಕೇಳುವುದು ಸಂಖ್ಯೆಯನ್ನು. ಐದನೆಯ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವ ಮಕ್ಕಳ ಹೆತ್ತವರು ವರ್ಗಾವಣೆ ಪತ್ರ ಪಡೆಯುವ ಮೊದಲೇ ಈ ಕಲಂ ನೋಡಿಕೊಳ್ಳಬೇಕು. ಐದರಲ್ಲಿ ನಪಾಸು ಮಾಡುತ್ತಾರೆಂಬ ಹೆದರಿಕೆ ಬೇಡ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನಿಯಮ ಬದಲಿಸಿದಾಗ, ಎಂಟರ ತನಕ ಯಾರನ್ನೂ ತಡೆಹಿಡಿಯುವುದಿಲ್ಲವೆಂದು ತಮಿಳುನಾಡು ಹೇಳಿತು.

ರಜೆಗಳು ಈ ಅವಧಿಯಲ್ಲಿ ಕಡಿಮೆ. ಜನವರಿ ನಡುವಿನಲ್ಲಿ ಪೊಂಗಲ್. ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬಡಗರ ಹೆತ್ತೆ ಹಬ್ಬಕ್ಕೆ ಜಿಲ್ಲೆಯಲ್ಲಿ ಸ್ಥಳೀಯ ರಜೆ. ಹೆತ್ತೆಯೆಂದರೆ ಅವರ ಮಾತಿನಲ್ಲಿ ಅಜ್ಜಿ. ಮಸಿನಗುಡಿ ಹತ್ತಿರದ ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ಕರ್ನಾಟಕದಿಂದಲೂ ಜನ ಬರುತ್ತಾರೆ. ಆಮೇಲೆ ತಪಸ್ಸುಕಾಲ, ಈಸ್ಟರ್, ಪರೀಕ್ಷೆ.

ಕ್ರಿಸ್ಮಸಿಗೋ ಪೊಂಗಲಿಗೋ ಅಲ್ಲಿಗೆ ಹೊರಡುವ ಬಂಧುಗಳು ಕುಸ್ವಾರಿನ ಪೊಟ್ಟಣದ ಜೊತೆ ನಮ್ಮ ಶಾಲೆಗಳ ಒಂದನೆಯ ತರಗತಿಯ ಕನ್ನಡ ಪಾಠಪುಸ್ತಕವನ್ನೂ ಇಟ್ಟುಕೊಳ್ಳಿ. ಕೇರಳದ ಸರಕಾರ ಅಚ್ಚು ಹಾಕಿದ್ದಾದರೂ ಅಕ್ಷರ ನಮ್ಮದೇ. ಮೈಸೂರು ದಾರಿಯಾಗಿ ಹೋಗುವವರಿಗೆ ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ. ಸ್ವಂತ ವಾಹನವಾದರೆ 2024ರ ಮೇ ತಿಂಗಳಲ್ಲಿ ಬಂದ ಇ-ಪಾಸ್ ನಿಯಮದ ಸ್ಥಿತಿಯನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಊಟಿಯಲ್ಲಿ ಉಳಿಯುವುದಾದರೆ ಮಕ್ಕಳಿಗೆ ಎರಡು ಸ್ವೆಟರು ಬೇಕು.