‘ಮುಂದೇನು?’ ಎಂಬ ಪ್ರಶ್ನೆ

ನೆಲೆ ಕಳೆದುಕೊಂಡವರ ಶಿಬಿರಗಳಲ್ಲಿ ವೈದ್ಯರೂ ಸ್ವಯಂಸೇವಕರೂ ‘ಮುಂದೇನು ಮಾಡುವಿರಿ?’ ಎಂದು ಸಹಜವಾಗಿ ಕೇಳುವುದುಂಟು. ಈ ಪ್ರಶ್ನೆಯೂ ಔಷಧದಂತೆಯೇ. ಕಾಲ, ಪ್ರಮಾಣಗಳು ತಪ್ಪಿದರೆ ನೋವನ್ನು ಹೆಚ್ಚಿಸುತ್ತದೆ.

2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಮ್ಯಾನ್ಮಾರಿನಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಗೆ ಓಡಿಬಂದರು. ಹಿಂದಿರುಗಬಹುದೆಂದು ಮ್ಯಾನ್ಮಾರ್ ಒಪ್ಪಿದ್ದವರ ಪೈಕಿ ಅನೇಕ ಕುಟುಂಬಗಳ ಇಚ್ಛೆಯನ್ನು 2019ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ ಬಾಂಗ್ಲಾದೇಶದ ಅಧಿಕಾರಿಗಳೂ ವಿಚಾರಿಸಿದರು. ಪೌರತ್ವ, ಸುರಕ್ಷತೆಗಳ ಭರವಸೆಯಿಲ್ಲದೆ ಹೋಗಲಾರೆವೆಂದರು, ಯಾರೂ ಹೊರಡಲಿಲ್ಲ. ಅವರಿಗೆ ಊರಿನ ಆಸೆ ಇರಲಿಲ್ಲವೆಂದಲ್ಲ. ನಾಳೆಯ ಬೀಗದ ಕೈ ಬೇರೆಯವರಲ್ಲಿತ್ತು.

ಇಂಥವರನ್ನು ಭವಿಷ್ಯದ ಬಗೆಗೆ ಪದೇ ಪದೇ ಪ್ರಶ್ನಿಸಿದರೆ ಅಸಹಾಯಕತೆ ಬೆಳೆಯಬಹುದು; ಕೇಳಿದವರೇ ದಾರಿ ತೋರುವರೆಂಬ ಹುಸಿ ನಿರೀಕ್ಷೆಯೂ ಹುಟ್ಟಬಹುದು. ಕೇಳದೆ ಬಿಟ್ಟರೆ ಅವರ ಬದುಕನ್ನು ಇತರರೇ ನಿರ್ಧರಿಸುವರು.

ಮಾತಿಗೆ ಒತ್ತಾಯಿಸಬಾರದು, ಸುಳ್ಳು ಭರವಸೆ ನೀಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಿಳಿಸುತ್ತದೆ. ಆದುದರಿಂದ ಮೊದಲು ಒಪ್ಪಿಗೆ ಪಡೆದು, ಕೇಳುವ ಉದ್ದೇಶವನ್ನು ತಿಳಿಸಿ, ‘ಈ ವಾರಕ್ಕೆ ಏನು ಬೇಕು?’ ಎಂಬಲ್ಲಿಂದ ಆರಂಭಿಸುವುದು ಲೇಸು. ದೂರದ ಮಾತು ತಾನಾಗಿ ಬಂದಾಗ ತಾಳ್ಮೆಯಿಂದ ಆಲಿಸಬೇಕು. ಬಾರದಿದ್ದರೆ ಮೌನವನ್ನೂ ಉತ್ತರವೆಂದೇ ಮನ್ನಿಸಬೇಕು.